ಹದಿನಾರು ಮಂದಿ, ಒಂದು ಎಸ್ಟೇಟ್ ಮನೆ: ಬುಕ್ ಮಾಡುವ ಮುನ್ನ ಕೇಳಬೇಕಾದ್ದು

ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗೆ ಗುಂಪಾಗಿ ಹೊರಟವರು ಮೊದಲು ವಿಚಾರಿಸುವುದು ರೂಮು ಎಷ್ಟಿವೆ, ಕ್ಯಾಂಪ್‌ಫೈರ್ ಹಾಕುತ್ತೀರಾ ಎಂದು. ವಿಚಾರಿಸಬೇಕಾದ್ದು ಬಚ್ಚಲಿನ ಬಗ್ಗೆ. ಹೆಚ್ಚುವರಿ ಹಾಸಿಗೆ ಹಾಕಿದರೆ ನಾಲ್ಕು ರೂಮಿನಲ್ಲಿ 16 ಜನ ಮಲಗಬಹುದು. ಬೆಳಿಗ್ಗೆ ಅಷ್ಟೂ ಜನಕ್ಕೆ ಬಿಸಿನೀರು ಸಿಗುವುದು ಬೇರೆಯೇ ಲೆಕ್ಕ.

25 ಲೀಟರಿನ, 2 ಕಿಲೋವ್ಯಾಟ್ ಗೀಸರಿಗೆ ಮಲೆನಾಡಿನ ತಣ್ಣೀರು ಕಾಯಿಸಲು ಅರ್ಧ ಗಂಟೆಯಾದರೂ ಬೇಕು. ತಣ್ಣೀರು ಬೆರೆಸಿದರೆ ಸುಮಾರು 40 ಲೀಟರ್, ಅಂದರೆ ಎರಡು ಬಕೆಟ್, ಇಬ್ಬರ ಸ್ನಾನ. ಎರಡು ಗೀಸರ್ ಇದ್ದರೂ 16 ಜನ ಮುಗಿಸುವಷ್ಟರಲ್ಲಿ ಎರಡು ಗಂಟೆ ದಾಟುತ್ತದೆ. ಶವರ್ ಬಿಟ್ಟುಕೊಂಡು ನಿಂತರೆ ಇನ್ನೂ ತಡ. ಮಳೆಗಾಲದಲ್ಲಿ ಸೋಲಾರ್ ನಂಬುವಂತಿಲ್ಲ. ಕರೆಂಟ್ ಹೋದರೆ ಯುಪಿಎಸ್ ದೀಪ ಉರಿಸುತ್ತದೆ, ಗೀಸರ್ ಓಡಿಸುವುದಿಲ್ಲ. ಹಾಗಾಗಿ ಸೌದೆ ಒಲೆಯ ಹಂಡೆ ಇರುವ ಮನೆ ಸಿಕ್ಕರೆ ಅದನ್ನೇ ಹಿಡಿಯಿರಿ. ಅರ್ಧ ಜನ ಸಂಜೆಯೇ ಸ್ನಾನ ಮುಗಿಸಿದರೆ ಬೆಳಗಿನ ಗಲಾಟೆ ತಪ್ಪುತ್ತದೆ. ಟಾಯ್ಲೆಟ್ಟಿನಿಂದ ಹೋಗುವುದೆಲ್ಲ ಪಿಟ್‌ಗೆ, ಅಂದರೆ ನೆಲದಲ್ಲಿ ತೋಡಿದ ಗುಂಡಿಗೆ. ಪ್ಯಾಡ್, ಡಯಾಪರ್, ವೆಟ್ ವೈಪ್ಸ್ ಹಾಕಿದರೆ ಪೈಪ್ ಕಟ್ಟುತ್ತದೆ, ಭಾನುವಾರ ಸರಿಮಾಡಲು ಯಾರೂ ಸಿಗುವುದಿಲ್ಲ.

ಊಟದ ದರ ಸಾಮಾನ್ಯವಾಗಿ ತಲೆಗಿಷ್ಟು ಎಂದಿರುತ್ತದೆ. ಸಸ್ಯಾಹಾರಿಗಳೆಷ್ಟು, ಮಕ್ಕಳೆಷ್ಟು ಎಂದು ಹಿಂದಿನ ದಿನವೇ ತಿಳಿಸಿ; ಸಂತೆ, ಮಾಂಸದಂಗಡಿ ದೂರ. ಎಲ್ಲರಿಗೂ ಅಕ್ಕಿ ರೊಟ್ಟಿ ಬೇಕೆಂದು ಹಟ ಹಿಡಿಯಬೇಡಿ. ತಲೆಗೆರಡರಂತೆ 32 ರೊಟ್ಟಿ, ಒಂದಕ್ಕೆ ಮೂರು ನಿಮಿಷ ಹಿಡಿದರೂ ಒಂದೇ ಕಾವಲಿಯಲ್ಲಿ ಒಂದೂವರೆ ಗಂಟೆ. ಕಡುಬಾದರೆ ಒಂದೇ ಹಬೆಗೆ ಇಪ್ಪತ್ತು ಮೂವತ್ತು ಬೇಯುತ್ತವೆ. ಕೋಳಿ ಸಾರಿಗೂ ಹೊಂದುತ್ತದೆ, ಚಟ್ನಿಗೂ ಹೊಂದುತ್ತದೆ.

ಟೆಂಪೋ ಟ್ರಾವೆಲರ್ ಮನೆ ಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿ. ಎಸ್ಟೇಟಿನ ಮಣ್ಣು ರಸ್ತೆಯಲ್ಲಿ ಕಡೆಯ ಒಂದೆರಡು ಕಿಲೋಮೀಟರ್ ಬಹಳ ಕಡೆ ಜೀಪಿನಲ್ಲೇ ಹೋಗಬೇಕು. 16 ಜನಕ್ಕೆ ಎರಡು ಮೂರು ಟ್ರಿಪ್, ಲಗೇಜಿಗೆ ಇನ್ನೊಂದು. ಜೀಪ್ ಬಾಡಿಗೆ ದರದಲ್ಲಿ ಸೇರಿದೆಯೇ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ. ಕತ್ತಲಾಗುವ ಮುಂಚೆ ತಲುಪಲೇಬೇಕು. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ರಾತ್ರಿ ಊಟವಾದ ಮೇಲೆ ತೋಟದ ದಾರಿಯಲ್ಲಿ ಒಂದು ಸುತ್ತು ಹಾಕಿ ಬರುತ್ತೇವೆ ಎನ್ನುವವರನ್ನು ತಡೆಯಿರಿ. ಇದರಲ್ಲಿ ಸಂಕೋಚ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ (ರಕ್ತ ಹೀರುವ ಜಿಗಣೆ) ಇದ್ದದ್ದೇ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಸಾಕ್ಸಿಗೆ ಉಪ್ಪು ಅಥವಾ ನಶ್ಯ ಸವರಿ. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ. ಮತ್ತೂ ಕೆಲಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ, ಒತ್ತಿ ಹಿಡಿದರೆ ಸಾಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಮನೆ ಮುಂದಿನ ಸಿಮೆಂಟ್ ಕಣ ಕ್ರಿಕೆಟ್‌ಗೆ ಹೇಳಿಮಾಡಿಸಿದಂತೆ ಕಂಡರೂ ಅಲ್ಲಿ ಒಣಗುತ್ತಿರುವುದು ಅವರ ವರ್ಷದ ದುಡಿಮೆ. ಅದರ ಮೇಲೆ ಕಾಲಿಡಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ನಿಷೇಧವಿದೆ, ತೋಟದ ನಡುವಿನ ಮನೆಗೂ ಅದು ಅನ್ವಯ.

ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ. ಬಾಕಿ ಹಣ ಮತ್ತು ಜೀಪ್ ಬಾಡಿಗೆಯನ್ನು ನಗದಾಗಿ ಒಬ್ಬರ ಕೈಯಲ್ಲೇ ಇಡಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಕರಾವಳಿ ಕಡೆ ಇಳಿಯುವವರು ಹೊರಡುವ ಬೆಳಿಗ್ಗೆ ಮನೆಯವರನ್ನೇ ಕೇಳಿ ದಾರಿ ನಿರ್ಧರಿಸಿ.