ಡ್ರೈವರ್ ಹೆಡರ್ ಫೈಲ್ ಎಲ್ಲಿಡಬೇಕು?

ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಬರೆಯುವಾಗ ಹೆಡರನ್ನು (ಡಿಫೈನ್, ಸ್ಟ್ರಕ್ಟ್‌ಗಳನ್ನು ಬರೆದಿಡುವ .h ಫೈಲ್) ಸುಮ್ನೆ ಇನ್‌ಕ್ಲೂಡ್/ಲಿನಕ್ಸ್ ಫೋಲ್ಡರಿಗೆ ತಳ್ಳಬೇಡಿ. ಮೊದಲು ಕೇಳಿಕೊಳ್ಳಿ: ಇದು ಯಾರಿಗೆ ಬೇಕು?

ನಿಮ್ಮ ಡ್ರೈವರಿಗೆ ಮಾತ್ರ ಬೇಕು ಅಂದ್ರೆ ಸಿ ಫೈಲಿನ ಪಕ್ಕದಲ್ಲೇ ಇಡಿ, ಡಬಲ್ ಕೋಟ್ಸ್ ಹಾಕಿ ಇನ್‌ಕ್ಲೂಡ್ ಮಾಡಿ. ಒಂದೇ ಸಿ ಫೈಲ್ ಇದ್ದರೆ ಹೆಡರೇ ಬೇಡ; ರಿಜಿಸ್ಟರ್‌ಗಳ ಡಿಫೈನ್ ಎಲ್ಲ ಅದೇ ಫೈಲಿನ ಮೇಲ್ಗಡೆ ಬರೆದುಬಿಡಿ. ಬೇರೆ ಸಬ್‌ಸಿಸ್ಟಮ್‌ಗೂ (ಕರ್ನಲ್‌ನ ಇನ್ನೊಂದು ಭಾಗಕ್ಕೂ) ಬೇಕಾದರೆ ಮಾತ್ರ ಇನ್‌ಕ್ಲೂಡ್/ಲಿನಕ್ಸ್. ಡಿವೈಸ್ ಟ್ರೀ (ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ತಿಳಿಸುವ ವಿವರ), ಡ್ರೈವರ್ ಎರಡೂ ಬಳಸುವ ನಂಬರ್‌ಗಳು ಇನ್‌ಕ್ಲೂಡ್/ಡಿಟಿ-ಬೈಂಡಿಂಗ್ಸ್‌ಗೆ ಹೋಗಲಿ.

ಜಾಸ್ತಿ ಎಚ್ಚರ ಬೇಕಿರುವುದು ಯೂಸರ್‌ಸ್ಪೇಸ್ ಪ್ರೋಗ್ರಾಂಗಳು (ಕರ್ನಲ್ ಹೊರಗೆ ಓಡುವ ಮಾಮೂಲಿ ಪ್ರೋಗ್ರಾಂಗಳು) ಓದುವ ಹೆಡರಿಗೆ. ಐಆಕ್ಟಲ್ (ioctl, ಪ್ರೋಗ್ರಾಂ ಡ್ರೈವರಿಗೆ ಆದೇಶ ಕೊಡುವ ಕರೆ) ನಂಬರ್‌ಗಳು, ಅವುಗಳ ಜೊತೆ ಹೋಗುವ ಸ್ಟ್ರಕ್ಟ್‌ಗಳು ಇನ್‌ಕ್ಲೂಡ್/ಯುಎಪಿಐ ಕೆಳಗೆ ಬರಬೇಕು, 2012ರ 3.7 ಆವೃತ್ತಿಯಿಂದ ಈ ಪದ್ಧತಿ ಇದೆ. ಇಲ್ಲಿ ಲಾಂಗ್ ಬಳಸಬೇಡಿ, 32 ಬಿಟ್ ಪ್ರೋಗ್ರಾಂಗೂ 64 ಬಿಟ್ ಕರ್ನಲ್‌ಗೂ ಅದರ ಅಳತೆ ಬೇರೆ ಬೇರೆ ಅಲ್ವಾ? ಅಳತೆ ಬದಲಾಗದ __ಯು32, __ಯು64 ಬಳಸಿ. 64 ಬಿಟ್ ಫೀಲ್ಡ್ 8 ಬೈಟ್ ಗಡಿಯಲ್ಲೇ ಶುರುವಾಗುವ ಹಾಗೆ ನೋಡಿಕೊಳ್ಳಿ, ನಡುವೆ ಜಾಗ ಉಳಿದರೆ ನೀವೇ ಪ್ಯಾಡಿಂಗ್ ಫೀಲ್ಡ್ ಹಾಕಿ, ಯಾಕಂದ್ರೆ 32 ಬಿಟ್ ಎಕ್ಸ್86ನಲ್ಲಿ ಕಂಪೈಲರ್ ಆ 64 ಬಿಟ್ ಫೀಲ್ಡನ್ನು 4 ಬೈಟ್ ಗಡಿಗೇ ಕೂರಿಸಿಬಿಡುತ್ತದೆ, ಆಗ ಎರಡೂ ಕಡೆಯ ಲೆಕ್ಕ ತಪ್ಪುತ್ತದೆ. ರಿಲೀಸ್ ಆದ ಮೇಲೆ ಆ ಸ್ಟ್ರಕ್ಟನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ.

ಇನ್ನೊಂದು ವಿಷಯ. ಹೆಡರಿನಲ್ಲಿ ಬೇರೆ ಸ್ಟ್ರಕ್ಟಿನ ಬರೀ ಪಾಯಿಂಟರ್ ಇದ್ದರೆ ಇನ್ನೊಂದು ಹೆಡರನ್ನು ಪೂರ್ತಿ ಎಳೆದುಕೊಳ್ಳಬೇಡಿ, "ಸ್ಟ್ರಕ್ಟ್ ಡಿವೈಸ್;" ಅಂತ ಒಂದು ಸಾಲು ಸಾಕು. ಯುಎಪಿಐ ಹೆಡರ್ ಸೇರಿಸಿದ್ದರೆ "ಮೇಕ್ ಹೆಡರ್ಸ್_ಇನ್‌ಸ್ಟಾಲ್" ಓಡಿಸಿ, ಯುಎಸ್ಆರ್/ಇನ್‌ಕ್ಲೂಡ್ ಒಳಗೆ ನಿಮ್ಮ ಫೈಲ್ ಬಂದಿದೆಯಾ ನೋಡಿ.