ಬೀಟೆಯ ಮುಖ, ಸಾಗವಾನಿಯ ಕುತ್ತಿಗೆ: ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಬಗೆ

ಗಿಟಾರ್ ಕಟ್ಟಲು ಹೊರಟವರೆಲ್ಲ ಮೊದಲು ಕೇಳುವುದು ‘ಯಾವ ಕಟ್ಟಿಗೆ ಚಲೋ?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಅಳತೆ. ಸಿತಾರ್, ತಂಬೂರಿಗಳಲ್ಲಿ ಬುರುಡೆ ಮತ್ತು ಅದರ ಬಾಯಿ ಮುಚ್ಚುವ ಹಲಗೆಯಾದ ತಬಲಿ ಚೆನ್ನಾಗಿರದಿದ್ದರೆ ದನಿಯೇ ಇಲ್ಲ. ಎಲೆಕ್ಟ್ರಿಕ್ ಗಿಟಾರಿನ ಕತೆ ಬೇರೆ. ಉಕ್ಕಿನ ತಂತಿಯ ಕಂಪನವನ್ನು ಅದರ ಕೆಳಗಿನ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ವಿದ್ಯುತ್ತಾಗಿ ಹಿಡಿಯುತ್ತದೆ. ಒಡಲಿನ ಕಟ್ಟಿಗೆಯಿಂದ ದನಿಗೆ ಬರುವ ವ್ಯತ್ಯಾಸದ ಬಗ್ಗೆ ಅಂಗಡಿಕಾರರು ಎಷ್ಟು ಹೊಗಳಿದರೂ, ನನ್ನ ಲೆಕ್ಕದಲ್ಲಿ ಅದು ಪಿಕಪ್‌ ಮತ್ತು ಕುತ್ತಿಗೆಯ ಬಿಗಿಯ ನಂತರದ ಮಾತು. ಹಾಗಾಗಿ ಚೆಂದದ ಕಟ್ಟಿಗೆಯನ್ನು ಮುಖಕ್ಕೆ, ಅಂದರೆ ಒಡಲಿನ ಮೇಲೆ ಅಂಟಿಸುವ ತೆಳು ಹಲಗೆಗೆ, ಹಾಕಿ, ಗಟ್ಟಿ ಕಟ್ಟಿಗೆಯನ್ನು ಕುತ್ತಿಗೆಗೆ, ಅಂದರೆ ಬೆರಳಾಡಿಸುವ ಉದ್ದನೆಯ ಹಿಡಿಗೆ, ಇಡಿ.

ಅಲಂಕಾರಿಕ ಕಟ್ಟಿಗೆಯ, ತಗ್ಗು ಸ್ವರದ ನಾಲ್ಕು ತಂತಿಯ ಬೇಸ್ ಗಿಟಾರ್‌ಗೆ ಜಗತ್ತಿನಲ್ಲೇ ಹೆಸರಾದ ಅಲೆಂಬಿಕ್ ಕಂಪನಿ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಅವರ ಮೊದಲ ಕೆಲಸ ಬ್ಯಾಂಡ್‌ಗಳ ಧ್ವನಿ ಉಪಕರಣ ಸುಧಾರಿಸುವುದಾಗಿತ್ತು. ಕಟ್ಟಿಗೆಯ ಸೊಗಸು ಅದರ ಬೆನ್ನಿಗೆ ಬಂತು.

ಕಟ್ಟಿಗೆ ಆರಿಸುವುದು

ಬೆಳಗಾವಿಯವರಿಗೆ ದೂರ ಹುಡುಕುವ ಕೆಲಸವಿಲ್ಲ. ಬಾಗಿಲ ಚೌಕಟ್ಟಿಗೆ ಹಲಗೆ ಮಾರುವ ಕಟ್ಟಿಗೆ ಅಡ್ಡೆಯಲ್ಲೇ ಬೇಕಾದದ್ದು ಸಿಗುತ್ತದೆ. ಒಡಲಿಗೆ ಶಿವನೆ ನನ್ನ ಮೊದಲ ಆಯ್ಕೆ: ಹಗುರ, ಒಣಗಿದ ಮೇಲೆ ಸೊಟ್ಟಾಗುವುದು ಕಡಿಮೆ. ಹಲಸು ಕೂಡ ಒಳ್ಳೆಯದು. ವೀಣೆಗೆ ಬಳಸುವ ಮರ ಅದು, ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ಕುತ್ತಿಗೆಗೆ ನೇರ ಎಳೆಯ, ಗಂಟಿಲ್ಲದ ಸಾಗವಾನಿ. ಮುಖಕ್ಕೆ ಮತ್ತಿ ಅಥವಾ ಬೀಟೆ. ಮತ್ತಿಯ ಕಪ್ಪು ಗೆರೆಗಳ ಚೆಂದ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಅದನ್ನು ತೊಲೆ ಮಾಡಿ ಮುಗಿಸಿಬಿಡುತ್ತಾರೆ.

ಇಡೀ ಗಿಟಾರನ್ನು ಬೀಟೆಯಲ್ಲೇ ಮಾಡುವ ಆಸೆ ಕೆಲವರಿಗಿರುತ್ತದೆ. ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ 1969ರ ಜನವರಿಯಲ್ಲಿ ಲಂಡನ್ನಿನ ಕಟ್ಟಡವೊಂದರ ಮಾಳಿಗೆಯ ಮೇಲೆ ನುಡಿಸಿದ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರ್ ಅಂಥದ್ದೇ. ಆದರೆ ಹೆಗಲಿಗೆ ಹಾಕಿಕೊಳ್ಳುವವರು ನೀವು. ಸಾಗವಾನಿಯ ಘನ ಮೀಟರ್ ತೂಕ ಸುಮಾರು 650 ಕಿಲೋ, ಬೀಟೆಯದು 800 ದಾಟುತ್ತದೆ. 6 ಮಿ.ಮೀ. ಬೀಟೆ ಮುಖಕ್ಕೆ ಸಾಕು.

ಬೀಟೆ, ಸಾಗವಾನಿ ಕೊಂಡರೆ ರಸೀದಿ ತೆಗೆದಿಟ್ಟುಕೊಳ್ಳಿ. ಇವು ಅರಣ್ಯ ಕಾನೂನಿನ ಕಣ್ಣಿರುವ ಮರಗಳು. ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ 2017ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಹಲಗೆಗೆ ಸಿಕ್ಕಿಲ್ಲ. ಹಳೆ ವಾಡೆ ಕೆಡವಿದಾಗ ಸಿಗುವ ತೊಲೆ, ಕಂಬ ಎಲ್ಲಕ್ಕಿಂತ ಮೇಲು. ಹತ್ತಾರು ಮಳೆಗಾಲ ಕಂಡ ಆ ಕಟ್ಟಿಗೆ ಇನ್ನು ಅಲುಗಾಡುವುದು ಕಡಿಮೆ. ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ, ಆಮೇಲೆ ಗರಗಸ ಹಚ್ಚಿ.

ಹಸಿ ಹಲಗೆಯಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು, ಎರಡೂ ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿದಿರಬೇಕು. ತೇವ ನೋಡುವ ಮೀಟರ್ ಶೇ 8ರಿಂದ 12ರೊಳಗೆ ತೋರಿಸಿದರೆ ಕೆಲಸಕ್ಕೆ ಕೈ ಹಾಕಿ. ಬೆಳಗಾವಿಯ ಆಷಾಢದ ಗಾಳಿಯಲ್ಲಿ ಆ ಅಂಕಿ ಏರುತ್ತದೆ. ಅಂಟಿಸುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಒಡಲು

ನಿಮಗೆ ಒಪ್ಪುವ ಆಕಾರವನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆಯಿರಿ, ನಟ್ಟನಡುವೆ ಒಂದು ಗೀಟು ಎಳೆಯಿರಿ. ಮುಂದಿನ ಪ್ರತಿ ಅಳತೆಯೂ ಆ ನಡುಗೀಟಿನಿಂದಲೇ. ಇದನ್ನು 6 ಮಿ.ಮೀ. ಎಂಡಿಎಫ್ (ಕಟ್ಟಿಗೆ ಪುಡಿ ಒತ್ತಿ ಮಾಡಿದ ಹಲಗೆ) ಮೇಲೆ ಕತ್ತರಿಸಿದರೆ ಅಚ್ಚು ಸಿದ್ಧ. ಬೆಳಗಾವಿಯ ಉದ್ಯಮಬಾಗದಂಥ ಯಂತ್ರದಂಗಡಿಗಳ ಊರಿನಲ್ಲಿರುವವರು ಅಚ್ಚನ್ನು ಕಂಪ್ಯೂಟರ್ ನಡೆಸುವ ಯಂತ್ರವಾದ ಸಿಎನ್‌ಸಿಯಲ್ಲಿ ಕೊಯ್ಯಿಸಿಕೊಳ್ಳುವುದು ಜಾಣತನ.

ಮುಖದ ಹಲಗೆಯನ್ನು ದಪ್ಪದಲ್ಲಿ ಎರಡು ಸೀಳಿ, ಪುಸ್ತಕ ಬಿಚ್ಚಿದಂತೆ ಅಕ್ಕಪಕ್ಕ ಇಡಿ. ಎಡಬಲದ ಗೆರೆಗಳು ಒಂದಕ್ಕೊಂದು ಕನ್ನಡಿಯಾಗುತ್ತವೆ. ಬೀಟೆ, ಸಾಗವಾನಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅಂಟು ಹಚ್ಚುವ ಮೊದಲು ಥಿನ್ನರ್ ಅಥವಾ ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಜೋಡಿಸಿ. ತಡಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕ್ಲಾಂಪ್ ಬಿಗಿದು ಒಂದು ಇಡೀ ದಿನ ಮುಟ್ಟದಿರಿ. ಜೋಡಿಸಿದ ಮುಖವನ್ನು ಒಡಲಿನ ಮೇಲೆ ಅಂಟಿಸಿದ ನಂತರ ಒಟ್ಟು ದಪ್ಪ 45 ಮಿ.ಮೀ. ಇದ್ದರೆ ಸರಿ. ಅಂಚು ಕೊಯ್ದು, ಅಚ್ಚು ಇಟ್ಟು, ತಿರುಗುವ ಅಲಗಿನಿಂದ ಕಟ್ಟಿಗೆ ಕೆತ್ತುವ ರೌಟರ್‌ನಿಂದ ಸುತ್ತಲೂ ಹದಗೊಳಿಸಿ. ಒಂದೇ ಏಟಿಗೆ ಆಳ ಕೊರೆಯಬೇಡಿ, ಸಲಕ್ಕೆ 4-5 ಮಿ.ಮೀ. ಸಾಕು. ಬೀಟೆಯ ಪುಡಿ ಮೂಗು, ಚರ್ಮಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಕೂಡಬೇಡಿ.

ಕುತ್ತಿಗೆ ಕೂರುವ ಗುಳಿಯ ಆಳ 16 ಮಿ.ಮೀ. ಇಲ್ಲಿ ಸಡಿಲ ಬಿಡಬಾರದು. ತಿರುಪು ಹಾಕುವ ಮೊದಲೇ, ಒಡಲನ್ನು ಎತ್ತಿದರೆ ಕುತ್ತಿಗೆ ಬೀಳದೆ ಹಿಡಿದುಕೊಂಡಿರಬೇಕು.

ಕುತ್ತಿಗೆ ಮತ್ತು ಫ್ರೆಟ್

ಈ ಕೆಲಸದ ಜೀವ ಇಲ್ಲಿದೆ. ಗಿಟಾರಿನ ಆರು ತಂತಿ ಸೇರಿ ಸುಮಾರು 45 ಕಿಲೋ ಎಳೆಯುತ್ತವೆ, ಬೇಸ್‌ನ ನಾಲ್ಕೇ ತಂತಿ 75 ಕಿಲೋದಷ್ಟು. ಹಗಲೂ ರಾತ್ರಿ ಇರುವ ಈ ಎಳೆತಕ್ಕೆ ಒಂಟಿ ಹಲಗೆ ಬಗ್ಗುತ್ತದೆ. ಗಿಟಾರಿಗೆ ಮೂರು, ಬೇಸ್‌ಗೆ ಐದು ಪಟ್ಟಿ ಅಂಟಿಸಿ: ಸಾಗವಾನಿ, ಬೀಟೆ, ಮತ್ತೆ ಸಾಗವಾನಿ. ಪಕ್ಕದ ಪಟ್ಟಿಗಳ ಎಳೆ ಒಂದಕ್ಕೊಂದು ಎದುರಾಗಿರಲಿ, ಆಗ ಒಂದರ ಡೊಂಕನ್ನು ಇನ್ನೊಂದು ತಡೆಯುತ್ತದೆ. ನೋಡಲೂ ಚೆಂದ. ನಡುವೆ, ಕುತ್ತಿಗೆಯ ಬಾಗನ್ನು ತಿದ್ದುವ ಉಕ್ಕಿನ ಸರಳಾದ ಟ್ರಸ್ ರಾಡ್‌ಗೆ 6 ಮಿ.ಮೀ. ಅಗಲದ ಕಾಲುವೆ ಕೊರೆಯಿರಿ. ಎರಡೂ ಕಡೆ ತಿರುಗಿಸಬಲ್ಲ ರಾಡನ್ನು ಆನ್‌ಲೈನಿನಲ್ಲಿ ತರಿಸಿ. ಹಣ ಉಳಿಸಲು ಇದು ಜಾಗವಲ್ಲ.

ಮಿರಜದ ಸಿತಾರ್ ಕುಶಲಕರ್ಮಿಗಳು ಪರದೆಗಳನ್ನು, ಅಂದರೆ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿಗಳನ್ನು, ದಾರದಿಂದ ಕಟ್ಟುತ್ತಾರೆ. ಸ್ವರ ತಪ್ಪಿದರೆ ಅತ್ತಿತ್ತ ಸರಿಸಬಹುದು, ಕಿವಿಯೇ ಅಳತೆಗೋಲು. ಗಿಟಾರಿನಲ್ಲಿ ಅದೇ ಕೆಲಸ ಮಾಡುವ ಫ್ರೆಟ್ ಒಮ್ಮೆ ಬಡಿದರೆ ಮುಗಿಯಿತು. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬೆಲೆ.

ತಂತಿಗಳಿಗೆ ತಲೆಯ ಕಡೆ ಆಸರೆ ನಟ್, ಒಡಲಿನ ಕಡೆ ಬ್ರಿಡ್ಜ್. ತಲೆಯ ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ ಗಿಟಾರಿಗೆ 648 ಮಿ.ಮೀ., ಬೇಸ್‌ಗೆ 864. ಈ ಉದ್ದವನ್ನು 17.817ರಿಂದ ಭಾಗಿಸಿ. 648ಕ್ಕೆ 36.4 ಬರುತ್ತದೆ, ಅದು ಮೊದಲ ಫ್ರೆಟ್. ಉಳಿದ 611.6ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.3, ಅಂದರೆ ಎರಡನೆಯದು ನಟ್‌ನಿಂದ 70.7 ಮಿ.ಮೀ. ದೂರ. ಮೂರನೆಯದು 103.1. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ, ಬಂದು ನಿಲ್ಲಬೇಕು. ಬರದಿದ್ದರೆ ಲೆಕ್ಕ ತಪ್ಪಿದೆ. ಫ್ರೆಟ್ ಕೂರುವ ಪಟ್ಟಿಯ ಮೇಲೆ ಗುರುತು ಹಾಕುವಾಗ ಪ್ರತಿ ಸಲವೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಕೂದಲೆಳೆಯ ತಪ್ಪು ಕೂಡಿ ಕೂಡಿ ಇಪ್ಪತ್ತನೆಯದರಲ್ಲಿ ಅಪಸ್ವರವಾಗುತ್ತದೆ.

ಫ್ರೆಟ್‌ಬೋರ್ಡಿಗೆ, ಅಂದರೆ ಕುತ್ತಿಗೆಯ ಮೇಲೆ ಅಂಟಿಸುವ ಆ ಪಟ್ಟಿಗೆ, 6 ಮಿ.ಮೀ. ಬೀಟೆ. ಬೆರಳು ಸದಾ ಉಜ್ಜುವ ಜಾಗಕ್ಕೆ ಈ ಗಟ್ಟಿತನ ಬೇಕು. ಮೂಲೆಮಟ್ಟ ಹಿಡಿದು 0.6 ಮಿ.ಮೀ. ಅಗಲ ಕೊಯ್ಯುವ ಗರಗಸದಿಂದ ಸೀಳು ಮಾಡಿ. ಪಟ್ಟಿ ಚಪ್ಪಟೆ ಇರುವಾಗಲೇ ಕೊಯ್ದುಕೊಂಡು, ಆಮೇಲೆ ಮೇಲ್ಮೈಗೆ ಸಣ್ಣ ಬಾಗು ಕೊಡಿ. ಫ್ರೆಟ್ ತಂತಿಯನ್ನು ಮೊದಲು ಎರಡು ತುದಿ, ನಂತರ ನಡುವೆ ಬಡಿಯಿರಿ. ಎಲ್ಲ ಕೂತ ಮೇಲೆ ಉದ್ದನೆಯ ನೇರ ಅರದಿಂದ ನೆತ್ತಿಗಳನ್ನು ಒಂದೇ ಮಟ್ಟಕ್ಕೆ ತಂದು, ಚಪ್ಪಟೆಯಾದವನ್ನು ಮತ್ತೆ ದುಂಡು ಮಾಡಿ.

ಬಣ್ಣ, ತಂತಿ, ಜೋಡಣೆ

ಇಂಥ ಕಟ್ಟಿಗೆಗೆ ಬಣ್ಣ ಬಳಿಯುವುದು ಪಾಪ. 120ರಿಂದ 320 ನಂಬರಿನವರೆಗೆ ಪಾಲಿಶ್ ಪೇಪರ್ ತಿಕ್ಕಿ, ಅರಗಿನ ಪಾಲಿಶ್ ಒಂದೆರಡು ಕೋಟು ಕೊಟ್ಟು, ಅದರ ಮೇಲೆ ಬಣ್ಣವಿಲ್ಲದ ಲ್ಯಾಕರ್ ಹೊಡೆಯಿರಿ. ಬೀಟೆಯ ಎಣ್ಣೆ ಮೇಲಿನ ಲ್ಯಾಕರನ್ನು ಒಣಗಲು ಬಿಡದಂತೆ ಕಾಡುತ್ತದೆ, ಅರಗು ಅದನ್ನು ತಡೆಯುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಸೇರಿ ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ದೀಪಾವಳಿ ಕಳೆಯಲಿ.

ಬ್ರಿಡ್ಜ್ ಕೂರಿಸುವ ಮೊದಲು ಎರಡು ಹೊರತಂತಿಗಳ ದಾರಿಯಲ್ಲಿ ನೂಲು ಎಳೆದು, ಅವು ಕುತ್ತಿಗೆಯ ಅಂಚಿನಿಂದ ಸಮದೂರ ಇವೆಯೇ ನೋಡಿ. ತೆಳು ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ, ಹಿಂದೆ ಮುಂದೆ ಸರಿಯುವ ತುಂಡು) 648ಕ್ಕೆ, ದಪ್ಪ ತಂತಿಯದು ಎರಡು-ಮೂರು ಮಿ.ಮೀ. ಹಿಂದಕ್ಕೆ. ಪಿಕಪ್ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥ್‌ಗೆ ಸೇರಿಸಿದರೆ ಗುಂಯ್ ಎನ್ನುವ ಶಬ್ದ ತಗ್ಗುತ್ತದೆ. ಒಂಟಿ ಸುರುಳಿಯ ಪಿಕಪ್‌ಗೆ 250 ಕಿಲೋಓಮ್, ಜೋಡಿ ಸುರುಳಿಗೆ 500ರ ಪಾಟ್ (ದನಿ ಏರಿಳಿಸುವ ಗುಂಡಿಯ ಕೆಳಗಿನ ಬಿಡಿಭಾಗ). ಸರ್ಕ್ಯೂಟ್ ಚಿತ್ರ ಪಿಕಪ್ ಡಬ್ಬಿಯಲ್ಲೇ ಬರುತ್ತದೆ.

ತಂತಿ ಬಿಗಿದು ಒಂದು ದಿನ ಬಿಡಿ. ಆಮೇಲೆ ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು ಏಳನೆಯದರ ಮೇಲೆ 0.2-0.3 ಮಿ.ಮೀ. ಸಂದು ಇದೆಯೇ ನೋಡಿ. ಹೆಚ್ಚಿದ್ದರೆ ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅಲ್ಲೇ ತಂತಿಗೆ ಒತ್ತದೆ ಬೆರಳು ತಾಗಿಸಿ ಮೀಟಿ ಬರಿಸಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ವಿಜಯಪುರದ ಒಣ ಬಿಸಿಲಿಗೆ ಒಯ್ಯುವ ವಾದ್ಯವಾದರೆ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಚಿನಲ್ಲಿ ಚುಚ್ಚತೊಡಗುತ್ತವೆ. ಆಗ ಸಣ್ಣ ಅರದಿಂದ ತುದಿ ಸವರಿ, ಟ್ರಸ್ ರಾಡನ್ನು ಇನ್ನೊಮ್ಮೆ ಸರಿಪಡಿಸಬೇಕು.