ಮೂವರು ರಾಜರು, ಮೂರು ಬಗೆಯ ಹೆಜ್ಜೆ: ನಾಲ್ಕನೇ ವರ್ಷಕ್ಕೆ ಕೈಗೂಡಿತು

ಜನವರಿ 6ರ ಬೆಳಿಗ್ಗೆ ನನ್ನ ಆರು ವರ್ಷದ ಮಗಳು ನೆಲದಲ್ಲಿ ಮಂಡಿಯೂರಿ, ತಮ್ಮನಿಗೆ "ನೋಡು, ಇದು ಆನೆಯ ಹೆಜ್ಜೆ" ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಇದಕ್ಕಾಗಿ ಮೂರು ವರ್ಷ ಒದ್ದಾಡಿದ್ದೆ.

ಉಡುಪಿಯಿಂದ ಮೆಕ್ಸಿಕೋದ ಗ್ವಾಡಲಹಾರಕ್ಕೆ ಸೊಸೆಯಾಗಿ ಬಂದವಳು ನಾನು. ಜನವರಿ 6 ಇಲ್ಲಿ ಮೂವರು ರಾಜರ ಹಬ್ಬ; ಶಿಶು ಯೇಸುವಿಗೆ ಕಾಣಿಕೆ ತಂದ ಆ ರಾಜರು ಹಿಂದಿನ ರಾತ್ರಿ ಬಂದು ಮಕ್ಕಳಿಗೆ ಉಡುಗೊರೆ ಇಟ್ಟುಹೋಗುತ್ತಾರೆ ಎಂಬ ನಂಬಿಕೆ. ಮಕ್ಕಳಿಂದ ರಾಜರಿಗೆ ಪತ್ರ ಬರೆಸುವುದು, 5ರ ರಾತ್ರಿ ಬೂಟು ಇಡಿಸುವುದು ಇಲ್ಲಿರುವ ನಿಮಗೆಲ್ಲ ಗೊತ್ತೇ ಇದೆ. ಮಗಳಿಗೆ ಮೂರಾದ ವರ್ಷ ನಾನು ದುಡ್ಡು ಸುರಿದೆ. ಕೊನೇ ರಾತ್ರಿ ಸಂತೆಯಲ್ಲಿ ಚೌಕಾಸಿಯೂ ನಡೆಯಲಿಲ್ಲ, ನಾಲ್ಕು ಸಾವಿರ ಪೆಸೊ ಹತ್ತಿರ ಹೋಯಿತು. ಹನ್ನೊಂದು ಪೊಟ್ಟಣ ಬಿಚ್ಚಿ ಮುಗಿಸಿ "ಇನ್ನೆಲ್ಲಿ?" ಅಂದಳು. ಮರುವರ್ಷ ಬಲೂನಿಗೆ ಕಟ್ಟಿ ಹಾರಿಸಿದ ಪತ್ರ ಎದುರಿನ ಕರೆಂಟು ತಂತಿಗೆ ಸಿಕ್ಕಿ ನಾಲ್ಕು ದಿನ ನೇತಾಡಿತು, ಅವಳೂ ನಾಲ್ಕು ದಿನ ಅತ್ತಳು. ಹೋದ ವರ್ಷ ಮೈದಾ ಉದುರಿಸಿ ಹೆಜ್ಜೆ ಮಾಡಿದೆ. ಅಂಗಳದ ಇಬ್ಬನಿಗೆ ಅದು ಅಂಟಾಗಿ, ಇರುವೆ ಮುತ್ತಿ, ಉಜ್ಜುವುದರಲ್ಲೇ ಅರ್ಧ ದಿನ ಕಳೆಯಿತು.

ಈ ಸಲ, ಊರಿನಲ್ಲಿ ಅಷ್ಟಮಿಗೆ ಅಮ್ಮ ಹೊಸ್ತಿಲಿಂದ ದೇವರ ಕೋಣೆವರೆಗೆ ಕೃಷ್ಣನ ಪಾದ ಮೂಡಿಸುತ್ತಿದ್ದುದು ನೆನಪಾಯಿತು. ಒಂದು ಪಾವು ಬೆಳ್ತಿಗೆ ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದೆ. "ಮಕ್ಕಳು ನಂಬುವುದಿಲ್ಲ" ಎಂದರು ಅತ್ತೆ. ಮೆಕ್ಸಿಕೋದಲ್ಲಿ ರಾಜರು ಕುದುರೆ, ಒಂಟೆ, ಆನೆ ಏರಿ ಬರುತ್ತಾರಲ್ಲ, ಹೆಜ್ಜೆಯೂ ಮೂರು ಬಗೆ ಬೇಕು. ಆನೆಗೆ ಸ್ಟೀಲ್ ಡಬ್ಬಿಯ ಮುಚ್ಚಳ, ಮುಂದೆ ಹೆಬ್ಬೆರಳಿಂದ ಉಗುರು. ಕುದುರೆಗೆ ಲಾಳದಂತೆ ಕೆತ್ತಿದ ಆಲೂಗಡ್ಡೆ. ಒಂಟೆಯದ್ದು ಮಾತ್ರ ನನ್ನಲ್ಲೇ ಇರಲಿ. ಹೆಜ್ಜೆಗಳ ನಡುವಿನ ಅಂತರ ಮರೆಯಬೇಡಿ. ಹೋದ ವರ್ಷ ಮಗಳು "ಇದು ಬೆಕ್ಕಿನ ನಡಿಗೆ" ಅಂದಿದ್ದಳು! ಪ್ರಾಣಿಗಳು ತಿಂದು ಕುಡಿದಂತೆ ಕಾಣಲೆಂದು, ಅವಕ್ಕಾಗಿ ಇಟ್ಟ ಹುಲ್ಲನ್ನು ಅರ್ಧ ಎತ್ತಿಟ್ಟೆ, ಬಾಲ್ದಿಯ ನೀರು ಇಳಿಸಿದೆ.

ಉಡುಗೊರೆ ಮೆಲ್ಚೋರ್, ಗಾಸ್ಪರ್, ಬಾಲ್ತಸಾರ್ ಒಬ್ಬೊಬ್ಬರಿಂದ ಒಂದೊಂದೇ. ಇಬ್ಬರು ಮಕ್ಕಳಿಗೂ ಸೇರಿ ಒಂಬೈನೂರು ಪೆಸೊ ಆಗಿರಬೇಕು, ಅಕ್ಕಿಗೆ ಹದಿನೈದೋ ಇಪ್ಪತ್ತೋ. "ಇನ್ನೆಲ್ಲಿ" ಎಂಬ ಮಾತೇ ಬರಲಿಲ್ಲ. ಯಾವುದು ಯಾವ ರಾಜ ಕೊಟ್ಟದ್ದು ಎಂದು ಹೆಜ್ಜೆ ಹಿಡಿದು ಹುಡುಕುವುದರಲ್ಲೇ ಹತ್ತು ಗಂಟೆಯಾಯಿತು.

ಈ ಹಬ್ಬಕ್ಕೆ ಮಾಡುವ ಬಳೆಯಾಕಾರದ ಸಿಹಿ ರೋಸ್ಕಾ ಬ್ರೆಡ್ಡಿಗೆ ಕಿತ್ತಳೆ ಸಿಪ್ಪೆ ಬಿಟ್ಟು ಏಲಕ್ಕಿ ಹಾಕಿ ನೋಡಿದೆ. ಪರಿಮಳ ಚೆನ್ನಾಗಿತ್ತು, ಆದರೆ ಚಳಿಗೆ ಹಿಟ್ಟು ಉಬ್ಬದೆ ರಾತ್ರಿ ಒಂದರವರೆಗೆ ಕಾದೆ. ಬಿಸಿನೀರಿನ ಪಾತ್ರೆ ಜೊತೆ ಆರಿದ ಅವನ್ನಿನಲ್ಲಿಟ್ಟ ಮೇಲೆ ಎದ್ದಿತು. ಬ್ರೆಡ್ಡಿನೊಳಗೆ ಅಡಗಿಸಿಡುವ ಪುಟ್ಟ ಗೊಂಬೆ ಸಿಕ್ಕವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ (ಎಲೆಯಲ್ಲಿ ಸುತ್ತಿ ಬೇಯಿಸುವ ಜೋಳದ ಕಡುಬು) ಕೊಡಿಸಬೇಕು; ಅದು ನನ್ನ ತುಂಡಿಗೇ ಬಂತು. ಹಾಗಾಗಿ ತಮಾಲೆ ನಮ್ಮ ಮನೆಯಲ್ಲೇ, ಓಹಾಕಾ ರಾಜ್ಯದವರಂತೆ ಬಾಳೆ ಎಲೆಯಲ್ಲಿ ಬೇಯಿಸುವವಳಿದ್ದೇನೆ.

ಅತ್ತೆ ಈಗ ನಾದಿನಿಯ ಮನೆಗೂ ಹೆಜ್ಜೆ ಹಾಕಿಕೊಡು ಎನ್ನುತ್ತಿದ್ದಾರೆ. ಹೆಜ್ಜೆಗೆ ರುಬ್ಬಿ ಉಳಿದ ಅಕ್ಕಿ ಹಿಟ್ಟಿಗೆ ಉಪ್ಪು, ನೀರು ಬೆರೆಸಿ ಅಂದೇ ನೀರುದೋಸೆ ಹೊಯ್ದೆ.